ತಮಟೆ ಕಟ್ಟುವ ಕೈ

ತಮಟೆಯ ಚರ್ಮವನ್ನು ಹದ ಮಾಡುವುದಿಲ್ಲ. ಚಪ್ಪಲಿಗೆ, ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಚೀಲಕ್ಕೆ, ಎತ್ತಿನ ಕೊರಳಪಟ್ಟಿಗೆ ಬೇಕಾದ ಚರ್ಮವಾದರೆ ತಂಗಡಿ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ನೆನೆಯಬೇಕಿತ್ತು. ಕೋಲಾರ ಸೀಮೆಯ ರಸ್ತೆಬದಿಯಲ್ಲಿ, ಕೆರೆಯಂಗಳದ ಅಂಚಿನಲ್ಲಿ, ಯಾರೂ ನೀರುಣಿಸದಿದ್ದರೂ ಹಳದಿ ಹೂ ಹೊತ್ತು ನಿಲ್ಲುವ ಗಿಡವೇ ಈ ತಂಗಡಿ. ಅದರ ತೊಗಟೆಯ ಒಗರು ಇಳಿದರೆ ಚರ್ಮ ಮೆತ್ತಗಾಗುತ್ತದೆ, ಬೇಗ ಕೊಳೆಯುವುದಿಲ್ಲ, ಮಡಿಸಿದ ಕಡೆ ಮಡಿಯುತ್ತದೆ. ಅದನ್ನೇ ಬಳೆಗೆ ಬಿಗಿದು ಬಾರಿಸಿದರೆ ಮಾತ್ರ ಮಂಕು ಸದ್ದು. ತಮಟೆಗೆ ಹಸಿ ಚರ್ಮವೇ ಬೇಕು: ಕೂದಲು ತೆಗೆದು, ಒಳಮೈಯ ಮಾಂಸ, ಕೊಬ್ಬು ಹೆರೆದು, ಇನ್ನೂ ನೆನೆದಿರುವಾಗಲೇ ಬಿಗಿದು ಒಣಗಿಸಿದ ಚರ್ಮ.

ಹಸಿ ಚರ್ಮ ಗಾಳಿಯ ತೇವ ಹೀರಿ ಸಡಿಲಗೊಳ್ಳುತ್ತದೆ. ಶಾಖ ಸೋಕಿದರೆ ತೇವ ಬಿಟ್ಟು ಕುಗ್ಗುತ್ತದೆ, ಬಿಗಿಯಾಗುತ್ತದೆ. ಆ ಬಿಗಿಯಲ್ಲೇ ಸದ್ದು ಇರುವುದು. ಹದ ಮಾಡಿದ ಚರ್ಮ ಈ ಗುಣವನ್ನು ಬಹುಪಾಲು ಕಳೆದುಕೊಂಡಿರುತ್ತದೆ. ಒಂದೇ ದಲಿತ ಕೇರಿಯ ಕೈಗಳು ಒಂದೇ ತೊಗಲನ್ನು ಎರಡು ದಾರಿಗೆ ಹಚ್ಚಿ, ಒಂದನ್ನು ಕಾಲಿಗೆ, ಇನ್ನೊಂದನ್ನು ಕಿವಿಗೆ ಒದಗಿಸುತ್ತಿದ್ದವು. ಯಾವ ಚರ್ಮಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂಬ ಈ ತಿಳಿವಳಿಕೆ ತಲೆಮಾರುಗಳ ಪ್ರಯೋಗದಿಂದ ಬಂದದ್ದು. ಊರು ಅದನ್ನು ವಿದ್ಯೆ ಎನ್ನಲಿಲ್ಲ, ಹೊಲಸು ಕೆಲಸ ಎಂದಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ – ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯಲ್ಲೂ ತಮಟೆ ಕೇಳದೆ ಒಂದು ವರ್ಷ ಕಳೆಯುವುದಿಲ್ಲ. ಬೇಸಿಗೆಯ ಕರಗಕ್ಕೆ ತಮಟೆ, ಗ್ರಾಮದೇವತೆಯ ದೀಪೋತ್ಸವಕ್ಕೆ ತಮಟೆ, ಗಣೇಶನನ್ನು ನೀರಿಗೆ ಬಿಡಲು ತಮಟೆ, ಚುನಾವಣೆಯಲ್ಲಿ ಅಭ್ಯರ್ಥಿ ಊರು ಹೊಕ್ಕರೆ ತಮಟೆ, ಸತ್ತವರನ್ನು ಮಣ್ಣಿಗೆ ಕಳಿಸಲು ತಮಟೆ. ಈಚೆಗೆ ಶಾಲಾ ವಾರ್ಷಿಕೋತ್ಸವದಲ್ಲಿ, ಕಾಲೇಜಿನ ಯುವಜನೋತ್ಸವದಲ್ಲಿ ಎಲ್ಲ ಜಾತಿಯ ಹುಡುಗ ಹುಡುಗಿಯರೂ ಹೆಗಲಿಗೆ ತಮಟೆ ಹಾಕಿಕೊಂಡು ಕುಣಿಯುತ್ತಾರೆ. ನೋಡಿದಾಗ ಖುಷಿಯಾಗುತ್ತದೆ. ಆದರೆ ಆ ತಮಟೆಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ವೇದಿಕೆಯ ಮೇಲಿರುವ ಯಾರಿಗೂ ಗೊತ್ತಿರುವುದಿಲ್ಲ. ಬಾರಿಸುವ ಕೈ ಎಲ್ಲರದಾಗುತ್ತಿದೆ, ಕಟ್ಟುವ ಕೈ ಇನ್ನೂ ಅದೇ ಕೇರಿಯದು. ನಾನು ಇಲ್ಲಿ ಬರೆಯಬೇಕೆಂದಿರುವುದು ಆ ಕೈಯ ಕೆಲಸದ ಬಗ್ಗೆ.

ಬಳೆ, ಚರ್ಮ, ಬೆಂಕಿ

ಮನೆಯಲ್ಲೇ ಮಾಡಿಕೊಳ್ಳಬಹುದಾದ ವಾದ್ಯಗಳಲ್ಲಿ ತಮಟೆಯಷ್ಟು ಸರಳವಾಗಿದ್ದೂ ಅಷ್ಟು ದೂರ ಕೇಳುವಂಥದ್ದು ಅಪರೂಪ. ಮೊದಲು ಬಳೆ. ಸುಮಾರು ಒಂದೂಕಾಲು ಅಡಿ ಅಗಲದ ವೃತ್ತ. ಹಿಂದೆ ಮರದ್ದೇ ಆಗಿರುತ್ತಿತ್ತು: ಬೇವಿನಂಥ ಗಟ್ಟಿ ಮರದಲ್ಲಿ ಬಾಗಿದ ತುಂಡುಗಳನ್ನು ಕೆತ್ತಿ, ಒಂದಕ್ಕೊಂದು ಕೂಡಿಸಿ, ಕಬ್ಬಿಣದ ಪಟ್ಟಿ ಬಡಿದು ವೃತ್ತ ಮಾಡುತ್ತಿದ್ದರು. ಮರ ಪೂರಾ ಒಣಗಿರಬೇಕು. ಹಸಿಮರದ ಬಳೆ ಮೊದಲ ಬೇಸಿಗೆಯಲ್ಲೇ ಸೊಟ್ಟಗಾಗುತ್ತದೆ, ಬಳೆ ಸೊಟ್ಟಗಾದರೆ ಚರ್ಮ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಈಗ ಹೆಚ್ಚಾಗಿ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿಕೊಂಡು ಬರುತ್ತಾರೆ. ಬೇಗ ಆಗುತ್ತದೆ, ಬಾಳಿಕೆಯೂ ಬರುತ್ತದೆ. ಮರದ ಬಳೆಯ ತುಂಬು ದನಿ ಅದಕ್ಕಿಲ್ಲ ಎನ್ನುವವರಿದ್ದಾರೆ. ನನ್ನ ಕಿವಿಗೂ ಹಾಗೇ ಅನ್ನಿಸುತ್ತದೆ. ಮರವಾಗಲಿ ಕಬ್ಬಿಣವಾಗಲಿ, ಚರ್ಮ ಕೂರುವ ಅಂಚು ನುಣ್ಣಗಿರಬೇಕು. ಅಲ್ಲಿ ಒಂದು ಸಣ್ಣ ಮುಳ್ಳು ಎದ್ದಿದ್ದರೂ ಚರ್ಮ ಬಿಗಿಯುವಾಗ ಅಲ್ಲಿಂದಲೇ ಸೀಳುತ್ತದೆ.

ಚರ್ಮ ಆಡಿನದು ಅಥವಾ ಕರುವಿನದು. ಕುರಿಯದು ಬೇಡ. ಕುರಿಯ ಚರ್ಮದಲ್ಲಿ ಕೊಬ್ಬು ಹೆಚ್ಚು, ಎಳೆ ಸಡಿಲ, ಬಿಗಿದರೆ ಪದರ ಬಿಡುತ್ತದೆ. ಆಡಿನ ಚರ್ಮ ತೆಳುವಾಗಿಯೂ ಗಟ್ಟಿ. ಸುಣ್ಣದ ನೀರಿನಲ್ಲೋ ಬೂದಿ ನೀರಿನಲ್ಲೋ ನೆನೆಹಾಕಿದರೆ ಕೂದಲಿನ ಬುಡ ಸಡಿಲಗೊಳ್ಳುತ್ತದೆ, ಮೊಂಡು ಅಲಗಿನಿಂದ ಹೆರೆದರೆ ಬಿಟ್ಟುಕೊಂಡು ಬರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸುಣ್ಣ ಚರ್ಮವನ್ನೇ ತಿನ್ನುತ್ತದೆ, ಬೇಗ ತೆಗೆದರೆ ಕೂದಲು ಅರ್ಧ ಉಳಿಯುತ್ತದೆ. ಯಾವಾಗ ತೆಗೆಯಬೇಕೆಂಬುದು ಗಡಿಯಾರ ನೋಡಿ ಗೊತ್ತಾಗುವಂಥದ್ದಲ್ಲ. ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡುತ್ತಾರೆ. ಆಮೇಲೆ ಒಳಮೈಯನ್ನು ಹೆರೆಯಬೇಕು. ಇಲ್ಲಿ ಕೈ ತಪ್ಪಿದರೆ ತೂತು.

ಚರ್ಮದ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಬೆನ್ನಿನ ಉದ್ದಕ್ಕೂ ದಪ್ಪ, ಹೊಟ್ಟೆಯ ಕಡೆ ತೆಳು. ಕಟ್ಟುವುದರಲ್ಲಿ ನುರಿತವರು ಚರ್ಮವನ್ನು ಹರವಿ, ಬೆನ್ನಿನ ಗೆರೆ ಬಳೆಯ ನಟ್ಟನಡುವೆ ಹಾಯುವಂತೆ ಬಳೆಯನ್ನಿಟ್ಟು ಅಳತೆ ತೆಗೆಯುತ್ತಾರೆ. ಹಾಗೆ ಮಾಡಿದರೆ ಎರಡೂ ಪಕ್ಕಕ್ಕೆ ದಪ್ಪ ಸಮನಾಗಿ ಇಳಿಯುತ್ತದೆ, ಬಿಗಿಯೂ ಸಮನಾಗುತ್ತದೆ.

ಕೂಡಿಸುವುದಕ್ಕೆ ಎರಡು ಬಗೆ. ಒಂದರಲ್ಲಿ ಚರ್ಮದ ಅಂಚಿಗೆ ತೂತು ಮಾಡಿ, ಚರ್ಮದ್ದೇ ದಾರವನ್ನು ಪೋಣಿಸಿ, ತಮಟೆಯ ಬೆನ್ನಿನಲ್ಲಿ ನಡುವೆ ಇಟ್ಟ ಪುಟ್ಟ ಕಬ್ಬಿಣದ ಉಂಗುರಕ್ಕೆ ಸುತ್ತಲಿಂದ ಎಳೆದು ಕಟ್ಟುತ್ತಾರೆ. ಮತ್ತೊಂದರಲ್ಲಿ ಹುಣಸೆ ಬೀಜದ ಅಂಟು. ಬೀಜವನ್ನು ಹುರಿದು, ಸಿಪ್ಪೆ ಕಳೆದು, ಪುಡಿ ಮಾಡಿ, ನೀರಲ್ಲಿ ಕುದಿಸಿದರೆ ಬರುವ ಸರಿ. ಕಂಬಳಿ ನೇಯುವವರು ನೂಲಿಗೆ ಗಂಜಿ ಕೊಡುವುದೂ ಇದರಿಂದಲೇ. ಹುಣಸೆ ಮರಕ್ಕೆ ಕೊರತೆಯಿಲ್ಲದ ಈ ಸೀಮೆಯಲ್ಲಿ ಅಂಟಿಗೆ ಪೇಟೆಗೆ ಹೋಗಬೇಕಿರಲಿಲ್ಲ. ಅಂಟು ಸವರಿ, ಚರ್ಮ ಮುಚ್ಚಿ, ಅಂಚಿಗೆ ಹಗ್ಗ ಸುತ್ತಿ, ಮೊದಲು ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಒಣಗಲು ಬಿಡಬೇಕು. ಕೋಲಾರದ ಏಪ್ರಿಲ್ ಬಿಸಿಲಿಗೆ ನೇರವಾಗಿ ಇಟ್ಟರೆ ಅರ್ಧ ಬೇಗ ಒಣಗಿ, ಅರ್ಧ ತಡವಾಗಿ ಒಣಗಿ, ಅಂಟು ಹಿಡಿಯುವ ಮೊದಲೇ ಚರ್ಮ ಕಿತ್ತುಕೊಂಡು ಬರುತ್ತದೆ.

ಇಷ್ಟಾದರೂ ತಮಟೆ ಆಗಿರುವುದಿಲ್ಲ. ಬಾರಿಸುವ ಮುನ್ನ ಕಾಯಿಸಬೇಕು. ಒಣಹುಲ್ಲು, ತೆಂಗಿನ ಗರಿ, ರದ್ದಿ ಕಾಗದ, ಏನು ಸಿಕ್ಕಿದರೆ ಅದರಿಂದ ಒಂದು ಚಿಕ್ಕ ಉರಿ ಮಾಡಿ, ತಮಟೆಗಳನ್ನು ಅದರ ಸುತ್ತ ಓರೆಯಾಗಿ ನಿಲ್ಲಿಸುತ್ತಾರೆ. ಆಗಾಗ ಬೆರಳಿನಿಂದ ಚಿಮ್ಮಿ ನೋಡುತ್ತಾರೆ. ಸದ್ದು ಏರುತ್ತಾ ಹೋಗುತ್ತದೆ. ಏರಿದ್ದು ಸಾಕೆನಿಸಿದ ಕ್ಷಣದಲ್ಲಿ ತೆಗೆಯಬೇಕು. ಅತಿಯಾದರೆ ಚರ್ಮ ಸುಟ್ಟು ಬಿರಿಯುತ್ತದೆ. ತಂಡದ ಎಲ್ಲ ತಮಟೆಗಳೂ ಒಂದೇ ಎತ್ತರದ ದನಿಗೆ ಬರುವ ತನಕ ಇದು ನಡೆಯುತ್ತದೆ. ವೀಣೆಯವರು ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಳ್ಳುವ ಹೊತ್ತನ್ನು ಸಭೆ ಗೌರವದಿಂದ ಕಾಯುತ್ತದೆ. ತಮಟೆಯವರು ದೇವಸ್ಥಾನದ ಹಿಂದೆಲ್ಲೋ ಬೆಂಕಿ ಹಾಕಿಕೊಂಡು ಕೂತಿದ್ದರೆ "ಇನ್ನೂ ಶುರು ಮಾಡಿಲ್ವೇನೋ" ಎಂದು ಗದರುತ್ತಾರೆ. ಎರಡೂ ಒಂದೇ ಕೆಲಸ ಎಂಬುದು ಗದರುವವರಿಗೆ ಹೊಳೆಯುವುದಿಲ್ಲ.

ಸಿ.ವಿ. ರಾಮನ್ ಅವರಿಗೆ ಚರ್ಮವಾದ್ಯಗಳ ಮೇಲೆ ತುಂಬ ಕುತೂಹಲವಿತ್ತು. ಶಿವಕಾಳಿ ಕುಮಾರ್ ಜತೆಗೂಡಿ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಮತ್ತೆ 1934ರಲ್ಲಿ ತಾವೊಬ್ಬರೇ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ, ಮೃದಂಗ ತಬಲಾಗಳ ಬಗ್ಗೆ ಅವರು ಬರೆದರು. ಎಲ್ಲೆಡೆ ಒಂದೇ ದಪ್ಪವಿರುವ ದುಂಡು ಚರ್ಮವನ್ನು ಬಾರಿಸಿದರೆ ಹುಟ್ಟುವ ಕಂಪನಗಳು 1, 1.59, 2.14, 2.30 ಎಂಬಂಥ ಅನುಪಾತದಲ್ಲಿ ಇರುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವೆ ಕರಣೆ ಎಂಬ ಕಪ್ಪು ಲೇಪ ಹಾಕುವುದರಿಂದ ಅವು 1, 2, 3 ಎಂಬ ಕ್ರಮಕ್ಕೆ ಹತ್ತಿರ ಬಂದು ಸ್ವರವಾಗಿ ಕೇಳುತ್ತವೆ. ತಮಟೆಗೆ ಕರಣೆ ಇಲ್ಲ. ಅದರ ಸದ್ದು ಒಂದು ಸ್ವರದಲ್ಲಿ ನಿಲ್ಲದೆ, ಸಿಡಿದು ಹರಡುತ್ತದೆ. ಬಯಲಲ್ಲಿ, ಜನದ ಗದ್ದಲದ ನಡುವೆ, ಊರಾಚೆಯ ಹೊಲದವರೆಗೂ ಮುಟ್ಟಬೇಕಾದ ವಾದ್ಯಕ್ಕೆ ಬೇಕಾದ್ದು ಅದೇ. ಕರಣೆ ಇಲ್ಲದಿರುವುದು ತಮಟೆಯ ಕೊರತೆಯೆಂದು ಸಂಗೀತ ಬಲ್ಲವರೇ ಹೇಳುವುದನ್ನು ಕೇಳಿದ್ದೇನೆ. ಒಳಾಂಗಣದ ಅಳತೆಗೋಲಿನಿಂದ ಬಯಲಿನ ವಾದ್ಯವನ್ನು ಅಳೆಯುವುದು ನ್ಯಾಯವಲ್ಲ.

ಬಾರಿಸುವ ಬಗೆಯನ್ನೂ ಹೇಳಿಬಿಡಬೇಕು. ತಮಟೆಯ ದಾರ ಹೆಗಲಿಗೆ, ಬಳೆ ಎಡಗೈಯ ಆಸರೆಯಲ್ಲಿ ಎದೆ–ಹೊಟ್ಟೆಗೆ ಒರಗಿರುತ್ತದೆ. ಎಡಗೈಯಲ್ಲಿ ಉದ್ದನೆಯ ತೆಳು ಕಡ್ಡಿ, ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು. ಗಡಿಯಾಚೆಯ ತೆಲುಗರು ಈ ದಪ್ಪ ಕೋಲನ್ನು ಚಿರ್ರ ಎನ್ನುತ್ತಾರೆ. ಎಡಗೈಯ ಬೆರಳುಗಳು ಬಳೆಯನ್ನೂ ಹಿಡಿದು ಕಡ್ಡಿಯನ್ನೂ ಆಡಿಸಬೇಕು. ಕಡ್ಡಿ ಮೈಯುದ್ದಕ್ಕೂ ಚರ್ಮಕ್ಕೆ ಬಡಿದು ‘ಚಟ’ ಎಂಬ ಒಣ ಸದ್ದು ಕೊಡುತ್ತದೆ. ಕೋಲು ನಡುವಿಗೆ ಬಿದ್ದರೆ ತುಂಬು ಸದ್ದು, ಅಂಚಿಗೆ ಬಿದ್ದರೆ ಚೂಪು ಸದ್ದು. ಇರುವುದು ಈ ಮೂರೇ ಸದ್ದು. ಇಷ್ಟರಲ್ಲೇ ಮದುವೆಯ ಏಟು ಬೇರೆ, ಸಾವಿನ ಏಟು ಬೇರೆ, ದೇವರು ಮೈಮೇಲೆ ಬರುವಾಗಿನ ಏಟು ಬೇರೆ, ಊರಿಗೆ ಸುದ್ದಿ ಸಾರುವಾಗಿನ ಏಟು ಬೇರೆ. ಹೊಲದಲ್ಲಿ ಕಳೆ ಕೀಳುತ್ತಿದ್ದವರು ತಲೆಯೆತ್ತದೆ, ಊರಿನಲ್ಲಿ ಏನಾಗಿದೆ ಎಂದು ಏಟಿನಿಂದಲೇ ತಿಳಿದುಕೊಳ್ಳುತ್ತಿದ್ದರು. ತಂಡದಲ್ಲಿ ಎಂಟು ಹತ್ತು ಜನ ಸುತ್ತುಗಟ್ಟಿ, ಕುಣಿಯುತ್ತಾ, ಒಬ್ಬರ ಏಟಿನ ಸಂದಿಯಲ್ಲಿ ಇನ್ನೊಬ್ಬರು ಏಟು ಹಾಕುವಾಗ ಲೆಕ್ಕ ತಪ್ಪುವುದಿಲ್ಲ. ಬಾಯಿಲೆಕ್ಕವಾಗಲಿ ಪುಸ್ತಕವಾಗಲಿ ಇಲ್ಲದೆ ಕಾಲಿನ ಹೆಜ್ಜೆಯೇ ತಾಳ ಹಿಡಿದಿರುತ್ತದೆ.

ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ಇದೇ ವಾದ್ಯ ಪಲಕ, ದಪ್ಪು. ಮಾಲೂರು ದಾಟಿ ಹೊಸೂರಿನತ್ತ ನಡೆದರೆ ತಪ್ಪಟ್ಟೆ, ಪರೆ. ಕರ್ನಾಟಕದ ಉತ್ತರಕ್ಕೆ ಹೋದರೆ ಹಲಗೆ. ಮೂರು ಭಾಷೆ ಬೆರೆತ ಈ ಜಿಲ್ಲೆಯಲ್ಲಿ ಏಟುಗಳೂ ಬೆರೆತಿವೆ. ಗಡಿಯ ಜಾತ್ರೆಗಳಿಗೆ ಮೂರೂ ಕಡೆಯ ತಂಡಗಳು ಬರುತ್ತವೆ, ಒಬ್ಬರ ವರಸೆ ಇನ್ನೊಬ್ಬರಿಗೆ ಅಂಟುತ್ತದೆ.

ವಾಟೆ, ಚಿಟಿಕೆ, ಕಂಜರ

ತಮಟೆಗಿಂತ ಮೊದಲು ಮಕ್ಕಳ ಕೈಗೆ ಬರುವ ವಾದ್ಯಗಳಿವೆ. ಅವುಗಳನ್ನು ಯಾರೂ ವಾದ್ಯ ಎಂದು ಕರೆಯುವುದಿಲ್ಲ. ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ತಿಂದು ಬಿಸಾಡಿದ ವಾಟೆ ತಿಂಗಳು ಒಣಗಿದರೆ, ಒಳಗಿನ ಬೀಜ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲಾಡಿಸಿದರೆ ಗಲಗಲ. ನಾಲ್ಕಾರು ವಾಟೆಗಳನ್ನು ದಾರಕ್ಕೆ ಕಟ್ಟಿದರೆ ಕಾಲಿಗೆ ಗೆಜ್ಜೆಯೇ ಆಯಿತು. ಗುಲ್‌ಮೊಹರ್‌ನ ಮೊಳದುದ್ದದ ಒಣಕಾಯಿ ಕತ್ತಿಯೂ ಹೌದು, ಗಿಲಕಿಯೂ ಹೌದು. ಬಾಗೆ ಮರದ ಒಣಕಾಯಿಗಳಂತೂ ಗಾಳಿಗೆ ತಾವೇ ಬಾರಿಸಿಕೊಳ್ಳುತ್ತವೆ. ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನಲ್ಲಿ ಚೆನ್ನಾಗಿ ಬೆಂದ ಹೆಂಚಿನ ಎರಡು ಚೂರುಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಬಡಿದರೆ ಚಿಟಿಕೆ. ಬೇಯದ ಹೆಂಚು ‘ಟಪ್’ ಎನ್ನುತ್ತದೆ, ಬೆಂದದ್ದು ‘ಟಿಣ್’ ಎನ್ನುತ್ತದೆ. ಹೆಂಚು ಕೊಳ್ಳುವ ದೊಡ್ಡವರು ಗುಣ ಪರೀಕ್ಷಿಸುವುದೂ ಹೀಗೆ ಬಡಿದು ನೋಡಿಯೇ.

ದೊಡ್ಡವರ ಭಕ್ತಿಯೂ ಇಂಥ ಕೈವಾದ್ಯಗಳ ಮೇಲೆಯೇ ನಿಂತಿತ್ತು. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿದ್ದ ಶ್ರೀಪಾದರಾಜರು ಕನ್ನಡದಲ್ಲಿ ದೇವರ ನಾಮ ಕಟ್ಟಿ ಹಾಡುವ ಹರಿದಾಸ ಪರಂಪರೆಗೆ ಬಲ ತುಂಬಿದವರು, ವ್ಯಾಸರಾಯರಿಗೆ ಗುರುಗಳು. ಹರಿದಾಸರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ತಂಬೂರಿ, ಚಿಟಿಕೆ, ತಾಳ, ಗೆಜ್ಜೆ. ಎರಡು ತುಂಡು ಮರ, ಎರಡು ಬಿಲ್ಲೆ ಕಂಚು. ಆಚೆ ಕೈವಾರದ ನಾರೇಯಣ ತಾತಯ್ಯನವರ ತತ್ವಪದಗಳನ್ನು ಹಾಡುವ ಭಜನೆ ಗುಂಪುಗಳಲ್ಲಿ ತಂಬೂರಿಯ ಜತೆ ಕಂಜರ. ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಚೆಕ್ಕೆ ಭಜನೆ: ಬಿಲ್ಲೆ ಕೂರಿಸಿದ ಮರದ ಚೆಕ್ಕೆಗಳನ್ನು ಕೈಯಲ್ಲಿ ತಟ್ಟುತ್ತ ಸುತ್ತುವ ಕುಣಿತ.

ಈ ಕಂಜರದ ಕಥೆ ಇಲ್ಲಿ ಮುಖ್ಯ. ಅದೂ ಬಳೆಗೆ ಚರ್ಮ ಬಿಗಿದ ವಾದ್ಯವೇ, ತಮಟೆಯ ತಮ್ಮ. ಭಜನೆಯ ಕೈಯಲ್ಲಿದ್ದ ಅದನ್ನು ಪುದುಕೋಟೆಯ ಮಾಮುಂಡಿಯಾ ಪಿಳ್ಳೈ ಎಂಬ ಪ್ರತಿಭಾವಂತರು (1859–1922) ಕರ್ನಾಟಕ ಸಂಗೀತದ ಕಛೇರಿಗೆ ತಂದು ಕೂರಿಸಿದರು. ಒಂದೇ ಜೀವಮಾನದಲ್ಲಿ ಕಂಜರ ಬೀದಿಯಿಂದ ಸಭೆಗೆ ಏರಿತು. ಕಂಜರಕ್ಕೆ ಬಿಗಿಯುತ್ತಿದ್ದ ಉಡದ ಚರ್ಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬಂದ ಮೇಲೂ ಆಡಿನ ಚರ್ಮ, ಕೃತಕ ಹಾಳೆ ಎಂದು ದಾರಿ ಹುಡುಕಿಕೊಂಡು ಅಲ್ಲೇ ಉಳಿದಿದೆ. ತಮಟೆ ಏರಲಿಲ್ಲ. ಸದ್ದು ದೊಡ್ಡದು ಎಂಬುದು ಕಾರಣವಾಗಲಾರದು. ಡೋಲೂ ದೊಡ್ಡ ಸದ್ದಿನದೇ, ನಾದಸ್ವರದ ಜತೆ ಅದು ಗರ್ಭಗುಡಿಯ ಎದುರಿಗೇ ನಿಲ್ಲುತ್ತದೆ. ತಮಟೆಯನ್ನು ಹೊರಗೆ ನಿಲ್ಲಿಸಿದ್ದು ಅದನ್ನು ಹೊತ್ತವರ ಜಾತಿ.

ಬಾರಿಸುವುದಿಲ್ಲ ಎಂದ ಮೇಲೆ

ತೋಟಿ, ತಳವಾರ, ನೀರುಗಂಟಿ – ಹಳ್ಳಿಯ ಚಾಕರಿಗಳಲ್ಲಿ ತಮಟೆ ಹೊಡೆದು ಸಾರುವುದೂ ಒಂದಾಗಿತ್ತು. ಕಂದಾಯ ಕಟ್ಟಿ ಎಂದು, ಹರಾಜು ಇದೆ ಎಂದು, ನಾಳೆ ಕೆರೆ ಕೆಲಸಕ್ಕೆ ಬನ್ನಿ ಎಂದು. ಮೇಲುಜಾತಿಯವರ ಮನೆಯಲ್ಲಿ ಸಾವಾದರೆ ಕರೆದ ಕೂಡಲೇ ಹೋಗಿ, ಹೆಣ ಎತ್ತುವ ತನಕ ಬಾರಿಸಬೇಕು. ಕೂಲಿ ಕೇಳುವಂತಿರಲಿಲ್ಲ, ಕಣದ ಕಾಲದಲ್ಲಿ ಕೊಟ್ಟಷ್ಟು ಕಾಳು ಹಿಡಿಯಬೇಕಿತ್ತು. ಹಬ್ಬಕ್ಕೆ ಅವರ ತಮಟೆ ಬೇಕು, ಅವರು ದೇವಸ್ಥಾನದ ಒಳಕ್ಕೆ ಬೇಡ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಚಾಕರಿಗಳನ್ನು ಕಾಗದದ ಮೇಲೆ ತೆಗೆದುಹಾಕಿತು. ಊರಿನ ರೂಢಿ ಅಷ್ಟು ಬೇಗ ಹೋಗಲಿಲ್ಲ.

ಇದಕ್ಕೆ ಬಹಳ ಮೊದಲೇ, 1927ರಲ್ಲಿ, ಮಹಾಡ್ ಸತ್ಯಾಗ್ರಹದ ಕಾಲದಲ್ಲಿ ಅಂಬೇಡ್ಕರ್ ತಮ್ಮ ಜನಕ್ಕೆ ಸತ್ತ ದನ ಎಳೆಯುವುದನ್ನು, ಅದರ ಮಾಂಸ ತಿನ್ನುವುದನ್ನು ಬಿಡಿ ಎಂದು ಕರೆ ಕೊಟ್ಟಿದ್ದರು. ಎಪ್ಪತ್ತರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ, ಕೋಲಾರ ಅದರ ಗಟ್ಟಿ ನೆಲೆಗಳಲ್ಲಿ ಒಂದಾಯಿತು. ಬಿಟ್ಟಿ ತಮಟೆ ಬಾರಿಸುವುದಿಲ್ಲ ಎಂದು ಹುಡುಗರು ನಿಂತರು. ಹಾಗೆಂದ ಕಡೆ ಬಹಿಷ್ಕಾರ ಬಿತ್ತು, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಹೊಲದಲ್ಲಿ ಕೂಲಿ ಕೊಡಲಿಲ್ಲ. ಆ ದಿನಗಳಲ್ಲಿ ತಮಟೆಯನ್ನು ಅಟ್ಟಕ್ಕೆ ಎಸೆದವರ ಮೇಲೆ ನನಗೆ ಅಪಾರ ಗೌರವವಿದೆ. ಕಲೆ ಹಾಳಾಯಿತಲ್ಲ ಎಂದು ದೂರದಲ್ಲಿ ಕೂತು ಮರುಗುವವರು, ಆ ಕಲೆಯನ್ನು ಯಾವ ಬೆಲೆ ತೆತ್ತು ಉಳಿಸಿಕೊಂಡು ಬರಬೇಕಿತ್ತು ಎಂಬುದನ್ನೂ ಹೇಳಬೇಕು.

ಆಮೇಲೆ ಅದೇ ತಮಟೆ ಜಾಥಾಗಳಲ್ಲಿ, ಹೋರಾಟದ ಹಾಡುಗಳ ಜತೆ, ಮರಳಿ ಬಂತು. ಈ ಸಲ ಕರೆದವರು ಊರಗೌಡರಲ್ಲ, ಬಾರಿಸಿದವರೇ ತಮಗಾಗಿ ಬಾರಿಸಿಕೊಂಡರು. ಗಡಿಯಾಚೆ ಆಂಧ್ರದಲ್ಲಿ 1994ರಲ್ಲಿ ಮಂದ ಕೃಷ್ಣ ಮಾದಿಗ ಒಳಮೀಸಲಾತಿಗಾಗಿ ಆರಂಭಿಸಿದ ಚಳವಳಿ ‘ದಂಡೋರ’, ಅಂದರೆ ಡಂಗುರ, ಎಂಬ ಹೆಸರನ್ನೇ ಇಟ್ಟುಕೊಂಡಿತು, ದಪ್ಪು ಅದರ ಗುರುತಾಯಿತು. ಕೋಲಾರದ ನೆತ್ತಿಯ ಮೇಲಿನ ತೇರಹಳ್ಳಿ ಬೆಟ್ಟದಲ್ಲಿ, ಶಿವಗಂಗೆಯ ಬಳಿ, ಕವಿ–ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹುಣ್ಣಿಮೆ ಹಾಡು’ ಶುರುವಾಯಿತು. ಬೆಟ್ಟದ ಮೇಲಿನ ಬೆಳುದಿಂಗಳಲ್ಲಿ ನಾಟಕ, ಹಾಡು, ತಮಟೆ. ಪಟ್ಟಣದಿಂದ ಬಂದವರು, ಬೆಟ್ಟದ ಹಳ್ಳಿಯವರು, ಮಕ್ಕಳು ಒಟ್ಟಿಗೆ ಕೂತು ಕೇಳಿದರು.

ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಹೆಸರು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಅವರ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, 2007ರಲ್ಲಿ ಜಿಲ್ಲೆ ಒಡೆಯುವ ತನಕ ಕೋಲಾರದ್ದೇ. ಹುಡುಗನಾಗಿದ್ದಾಗಿನಿಂದ ತಮಟೆ ಹಿಡಿದು, ಅದರ ವರಸೆಗಳನ್ನು ನೂರಾರು ಹುಡುಗರಿಗೆ ಕಲಿಸಿದವರು. ನಾಡೋಜ ಗೌರವ ಬಂತು, 2023ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದವರೆಗೆ ತಮಟೆಯ ಹೆಸರು ಹೋದದ್ದು ನಮ್ಮ ಕಾಲದ ದೊಡ್ಡ ಸಂಗತಿ. ಬಾರಿಸುವವರಿಗೆ ಸಿಗಬೇಕಾದ ಗೌರವ ತಡವಾಗಿಯಾದರೂ ಸಿಗತೊಡಗಿದೆ.

ಕಟ್ಟುವವರಿಗೆ? ಚರ್ಮವಾದ್ಯಗಳ ಲೋಕದಲ್ಲೆಲ್ಲ ಇದೇ ಕಥೆ. ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಮೃದಂಗ ಮಾಡುವವರ ಚರಿತ್ರೆ. ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರ ಬೆರಳಿನ ಬಗ್ಗೆ ಎಷ್ಟೋ ಬರಹಗಳಿವೆ. ಆ ಬೆರಳಿಗೆ ಒಪ್ಪುವ ಮೃದಂಗ ಮಾಡಿಕೊಟ್ಟ ತಂಜಾವೂರಿನ ಪರ್ಲಾಂದು ಎಂಬ ದಲಿತ ಕ್ರೈಸ್ತ ಕುಶಲಿಯ ಹೆಸರನ್ನು ಓದುಗರಲ್ಲಿ ಅನೇಕರು ಮೊದಲು ಕಂಡದ್ದು ಆ ಪುಸ್ತಕದಲ್ಲೇ. ಆಡು, ಹಸು, ಎಮ್ಮೆ – ಮೂರರ ಚರ್ಮವೂ ಸೇರಿ ಆಗುವ ವಾದ್ಯ ಮೃದಂಗ. ಚರ್ಮ ಮುಟ್ಟಿದವರು ಬಾಗಿಲಾಚೆ, ಚರ್ಮದ ನಾದ ಬಾಗಿಲೊಳಗೆ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಟ್ರಿನಿಡಾಡ್ ದ್ವೀಪದ್ದು. ಅಲ್ಲಿನ ಬಡ ಕರಿಯರ ಚರ್ಮವಾದ್ಯಗಳನ್ನು ಬ್ರಿಟಿಷ್ ಸರ್ಕಾರ 1880ರ ದಶಕದಲ್ಲೇ ಅಡಗಿಸಿತು. ಜನ ಬಿದಿರು ಬೊಂಬು ಕುಟ್ಟಿ ತಾಳ ಹಾಕಿದರು. ಆಮೇಲೆ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿ. ಕೊನೆಗೆ ಎಣ್ಣೆಯ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಟ್ಟಿ ತಗ್ಗು ಮಾಡಿ, ಅದರಲ್ಲಿ ಸ್ವರಗಳನ್ನೇ ಎಬ್ಬಿಸಿದರು. ಅದೇ ಸ್ಟೀಲ್‌ಪ್ಯಾನ್. ಮೊದಮೊದಲು ಅದನ್ನು ಬಾರಿಸುವವರನ್ನು ಪುಂಡರು ಎಂದೇ ಊರು ಬೈಯುತ್ತಿತ್ತು. 1951ರಲ್ಲಿ ಒಂದು ತಂಡ ಲಂಡನ್ನಿಗೆ ಹೋಗಿ ಬಾರಿಸಿ ಬಂತು, 1992ರಲ್ಲಿ ಅದು ದೇಶದ ರಾಷ್ಟ್ರೀಯ ವಾದ್ಯವಾಯಿತು. ನನಗೆ ಇದರಲ್ಲಿ ಬಹಳ ಹಿಡಿಸುವುದು ಬೇರೊಂದು ಸಂಗತಿ. ಅಲ್ಲಿನ ಮಕ್ಕಳಿಗೆ ವಿನ್‌ಸ್ಟನ್ ಸ್ಪ್ರೀ ಸೈಮನ್, ಎಲೀ ಮ್ಯಾನೆಟ್ ಎಂಬ ಹೆಸರುಗಳು ಗೊತ್ತು. ಇವರು ಪೀಪಾಯಿಯನ್ನು ತಟ್ಟಿ ವಾದ್ಯ ಮಾಡಿದವರು. ಮಾಡುವವರನ್ನೂ ಆ ದೇಶ ಕಲಾವಿದರ ಸಾಲಿನಲ್ಲೇ ಕೂರಿಸಿತು.

ಫೈಬರ್ ಬಂದ ಮೇಲೆ

ಈಗ ಪೇಟೆಯಲ್ಲಿ ಫೈಬರ್ ತಮಟೆ ಸಿಗುತ್ತದೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಸುತ್ತ ಬೋಲ್ಟು. ಕಾಯಿಸಬೇಕಿಲ್ಲ, ಮಳೆಯಲ್ಲೂ ಬಾರಿಸಬಹುದು, ಸದ್ದು ಇನ್ನೂ ಚೂಪು. ದಿನಕ್ಕೆರಡು ಊರಿನಲ್ಲಿ ಬಾರಿಸಿ ಹೊಟ್ಟೆ ಹೊರೆಯುವ ತಂಡಗಳು ಅದನ್ನು ಕೊಂಡರೆ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆಷಾಢದ ಜಿಟಿಜಿಟಿಯಲ್ಲಿ ಹೆಣದ ಮುಂದೆ ನಡೆಯುತ್ತ, ಪ್ರತಿ ಕಾಲು ಗಂಟೆಗೊಮ್ಮೆ ಬೆಂಕಿ ಹುಡುಕುವ ಕಷ್ಟ ಅವರದು. ಶಾಲೆಗಳೂ ಫೈಬರ್ ತಮಟೆಯನ್ನೇ ಕೊಳ್ಳುತ್ತವೆ, ಆದರೆ ಅವಕ್ಕೆ ಹೊಟ್ಟೆಪಾಡಿನ ಕಾರಣವಿಲ್ಲ. ಚರ್ಮ ಮುಟ್ಟದೆ ತಮಟೆ ಬಾರಿಸಬಹುದು ಎಂಬ ಅನುಕೂಲ ಹಲವು ಮನೆಗಳಿಗೆ ಒಪ್ಪಿಗೆಯಾಗಿದೆ. ಮಗಳು ವೇದಿಕೆಯಲ್ಲಿ ತಮಟೆ ಬಾರಿಸಿದರೆ ಚಪ್ಪಾಳೆ ತಟ್ಟುವ ತಂದೆತಾಯಿ, ಅವಳು ಆಡಿನ ಚರ್ಮ ಹೆರೆಯುತ್ತೇನೆಂದರೆ ಏನೆನ್ನುತ್ತಾರೆ? ಜಾತಿ ಈಗ ಕೂತಿರುವುದು ಅಲ್ಲಿ.

ದಲಿತ ಕೇರಿಯ ಹುಡುಗರು ಚರ್ಮದ ಕೆಲಸ ಬಿಡುತ್ತಿದ್ದಾರೆ, ಬಿಡಲಿ. ಐಟಿಐ ಓದಿ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋಗುವ ಹುಡುಗನಿಗೆ "ಪರಂಪರೆ ಉಳಿಸು" ಎಂದು ಹೇಳಲು ನಮಗೆ ಹಕ್ಕಿಲ್ಲ. ಬೇಕಿದ್ದರೆ ಉಳಿದವರು ಕಲಿಯಬೇಕು. ತಮಟೆ ಕಟ್ಟುವುದನ್ನು ಆ ಕೇರಿಯ ಹಿರಿಯರಿಂದ, ಅವರನ್ನು ಗುರುವಿನ ಕುರ್ಚಿಯಲ್ಲಿ ಕೂರಿಸಿ, ಸಂಭಾವನೆ ಕೊಟ್ಟು, ಊರಿನ ಎಲ್ಲ ಮಕ್ಕಳೂ ಕಲಿಯಬೇಕು.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಚೀಲವಿಲ್ಲದೆ ಬರುವ ‘ಸಂಭ್ರಮ ಶನಿವಾರ’ ಇದೆ. ಪ್ರತಿಭಾ ಕಾರಂಜಿ ಇದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ನಾಡಿನ ವಾದ್ಯಗಳು ಗಾಜಿನ ಹಿಂದೆ ಒಪ್ಪವಾಗಿ ಕೂತಿವೆ, ನೋಡಿ ಬರಬೇಕಾದ ಜಾಗ. ಆದರೆ ವಾದ್ಯದ ವಿದ್ಯೆ ಇರುವುದು ಅದು ಆಗುವ ಕೈಯಲ್ಲಿ, ಆ ಕೈ ಗಾಜಿನ ಹಿಂದೆ ಬರುವುದಿಲ್ಲ.

ಮಕ್ಕಳಿಗೆ ಮೊದಲು ಕಾಗದದ ತಮಟೆ ಸಾಕು. ಬಾಯಿ ಅಗಲದ ಒಂದು ಮಡಕೆ, ಇಲ್ಲವೇ ತಳ ಕತ್ತರಿಸಿ ಅಂಚು ಮಡಿಸಿದ ಎಣ್ಣೆ ಡಬ್ಬ. ಹುಣಸೆ ಬೀಜದ ಸರಿಯನ್ನು ಮಕ್ಕಳೇ ಕಾಯಿಸಲಿ. ಒದ್ದೆ ಮಾಡಿದ ಕಂದು ಕಾಗದವನ್ನು ಐದಾರು ಪದರ, ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ, ಅಂಟು ಸವರುತ್ತ ಬಾಯಿಗೆ ಮುಚ್ಚಿ, ಅಂಚಿಗೆ ದಾರ ಬಿಗಿಯಬೇಕು. ಮರುದಿನ ಒಣಗಿದ ಮೇಲೆ ಕಾಗದ ತಾನೇ ಕುಗ್ಗಿ ಬಿಗಿಯಾಗಿರುತ್ತದೆ. ತಟ್ಟಿದರೆ ಡಂ ಎನ್ನುತ್ತದೆ. ಒದ್ದೆ ಬಟ್ಟೆಯಿಂದ ಸ್ವಲ್ಪ ಒರೆಸಿದರೆ ಸದ್ದು ಇಳಿಯುವುದನ್ನೂ, ಬಿಸಿಲಿಗೆ ಹಿಡಿದರೆ ಏರುವುದನ್ನೂ ಮಕ್ಕಳು ತಾವೇ ಕೇಳಲಿ. ವಿಜ್ಞಾನದ ಮೇಷ್ಟ್ರು ಅಲ್ಲೇ ನಿಂತು ರಾಮನ್ ಅವರ ಕಥೆ ಹೇಳಬಹುದು.

ಆಮೇಲೆ ಚರ್ಮ. ಭಾನುವಾರದ ಮಟನ್ ಅಂಗಡಿಯಿಂದ ಆಡಿನ ಚರ್ಮ ತರಿಸಿ, ಸುಣ್ಣದ ಕೆಲಸವನ್ನು ಬಲ್ಲವರೇ ಮಾಡಲಿ; ಸುಣ್ಣ ಕಣ್ಣಿಗೆ, ಕೈಗೆ ಅಪಾಯ. ಹೆರೆಯುವುದು, ಅಳತೆ ತೆಗೆಯುವುದು, ಅಂಟು ಸವರುವುದು, ಬಿಗಿಯುವುದು ಮಕ್ಕಳಿಂದ ಆಗಲಿ. ಚರ್ಮ ಬೇಡ ಎನ್ನುವ ಮಗುವಿಗೆ ಕಾಗದದ್ದೇ ಇರಲಿ. ಆದರೆ ಬೇಡ ಎನ್ನುವುದು ಪ್ರಾಣಿಯ ಮೇಲಿನ ಕರುಣೆಯಿಂದಲೋ, ಮುಟ್ಟಬಾರದೆಂದು ಮನೆಯಲ್ಲಿ ಹೇಳಿಕೊಟ್ಟ ಕಾರಣದಿಂದಲೋ ಎಂದು ಮೇಷ್ಟ್ರು ಆ ಮಗುವಿನ ಜತೆ ಕೂತು ಮಾತಾಡಬೇಕು. ಆ ಮಾತು ತಮಟೆಯಷ್ಟೇ ಮುಖ್ಯ ಪಾಠ.

ಒಂದು ಊರಿನಲ್ಲಿ ಹತ್ತು ತಮಟೆಯಾದರೆ ಒಂದು ತಂಡ. ಮುಂದಿನ ದೀಪೋತ್ಸವಕ್ಕೆ ಆ ತಂಡ ಬಾರಿಸಲಿ, ಪ್ರತಿ ತಮಟೆಯ ಬಳೆಯ ಒಳಮೈಯಲ್ಲಿ ಕಟ್ಟಲು ಕಲಿಸಿದ ಹಿರಿಯರ ಹೆಸರು, ಊರು, ಇಸವಿ ಬರೆದಿರಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಾವಿದರ ಮಾಸಾಶನದ ಅರ್ಜಿಗಳನ್ನು ನೋಡುವಾಗ, ವಾದ್ಯ ಬಾರಿಸುವವರ ಜತೆ ವಾದ್ಯ ಕಟ್ಟುವವರನ್ನೂ ಕಲಾವಿದರೆಂದೇ ಎಣಿಸಲಿ. ಅಂಥ ಹಿರಿಯರು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕರಗದ ಹಿಂದಿನ ವಾರ ಅವರ ಮನೆ ಮುಂದೆ ಹಳೆಯ ಬಳೆಗಳು ಹೊಸ ಚರ್ಮಕ್ಕೆ ಕಾದು ಸಾಲಾಗಿ ಒರಗಿರುತ್ತವೆ. ಕಲಿಯಬೇಕೆಂದವರು ಅವರನ್ನು ಕಾಣಬೇಕಾದ್ದು ಆ ವಾರದಲ್ಲಿ.